ಹೊಗೆ ತೊಳೆಯಲು ಹೊರಟ ಯುಜೀನ್ ಹೂಡ್ರಿ

ಪಿಯುಸಿ ಎಂದರೆ ನಮಗೆ ಎರಡು ವರ್ಷದ ಓದು. ಕಾರಿಗೆ ಪಿಯುಸಿ ಎಂದರೆ ಹೊಗೆ ತಪಾಸಣೆಯ ಸರ್ಟಿಫಿಕೇಟು. ಈ ವರ್ಷ ನಾನು ಪ್ರಥಮ ಪಿಯುಸಿ ಪಾಸಾದೆ, ಅಬ್ಬಾ ಅವರ ಕಾರು ಅದರ ಪಿಯುಸಿಯಲ್ಲಿ ಫೇಲಾಯಿತು. ಮನೆಯಲ್ಲಿ ಎಲ್ಲರೂ ಇದನ್ನು ಹೇಳಿ ನಕ್ಕರು. ಆದರೆ ಅಬ್ಬಾ ನಗಲಿಲ್ಲ. ಅವರು ಸಂತೆಯಿಂದ ಸಂತೆಗೆ ಹೋಗಿ ಬಟ್ಟೆ ಮಾರುತ್ತಾರೆ. ಹಿಂದಿನ ಸೀಟು ಮಡಚಿ ಬಟ್ಟೆಯ ಗಂಟುಗಳನ್ನು ತುಂಬಿಕೊಂಡು ಹೋಗುವ ಆ ಹಳೆಯ ಪೆಟ್ರೋಲ್ ಕಾರೇ ನಮ್ಮ ಅಂಗಡಿ.

ಕೆಲವು ತಿಂಗಳಿಂದ ಕಾರು ಏರು ರಸ್ತೆಯಲ್ಲಿ ಎಳೆಯುತ್ತಿರಲಿಲ್ಲ. ಇಂಜಿನ್ ದೀಪ ಯಾವಾಗಲೂ ಹತ್ತಿಕೊಂಡೇ ಇರುತ್ತಿತ್ತು. ಕೆಳಗಿನಿಂದ ಡಬ್ಬಿಯಲ್ಲಿ ಕಲ್ಲು ಅಲುಗಿಸಿದ ಹಾಗೆ ಸದ್ದು. ಬೆಳಿಗ್ಗೆ ಓಣಿಯಲ್ಲಿ ಕಾರು ಚಾಲೂ ಮಾಡಿದರೆ ಕೊಳೆತ ಮೊಟ್ಟೆಯ ವಾಸನೆ. ಬಾಗಿಲ ಕಟ್ಟೆಯ ಮೇಲೆ ಕೂರುವ ದಾದಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ಗ್ಯಾರೇಜಿನಲ್ಲಿ ನೋಡಿ, ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಿದೆ ಎಂದರು. ಹೊಸದರ ಬೆಲೆ ನನ್ನ ಒಂದು ವರ್ಷದ ಕಾಲೇಜು ಫೀಸಿಗಿಂತ ಹೆಚ್ಚು. ಇನ್ನೊಂದು ದಾರಿಯನ್ನೂ ಅಲ್ಲೇ ಹೇಳಿಕೊಟ್ಟರು. ಅದನ್ನು ಕತ್ತರಿಸಿ ತೆಗೆದು ಆ ಜಾಗಕ್ಕೆ ಬರೀ ಪೈಪು ವೆಲ್ಡ್ ಮಾಡಿದರೆ ಕಾರು ಚೆನ್ನಾಗಿ ಎಳೆಯುತ್ತದೆ. ಹಳೆಯದರಲ್ಲಿ ಪ್ಲಾಟಿನಂ ಇರುವುದರಿಂದ ಅದಕ್ಕೂ ಒಂದಷ್ಟು ದುಡ್ಡು ಸಿಗುತ್ತದೆ. ಅಬ್ಬಾ ಬಹುಪಾಲು ಒಪ್ಪಿಕೊಂಡೇ ಬಂದಿದ್ದರು. ವಾಣಿಜ್ಯ ವಿಭಾಗದ ನಾನು ಎರಡೂ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದೆ. ಪೈಪು ಹಾಕಿಸುವುದೇ ಲಾಭ ಎಂದು ನಾನೂ ಹೇಳಿದೆ.

ಮಾಮು ಹಿಂದೆ ಸೌದಿಯಲ್ಲಿ ಕಾರು ರಿಪೇರಿ ಕೆಲಸ ಮಾಡಿದವರು. ಅವರು ವಾದ ಮಾಡಲಿಲ್ಲ. ಆ ಡಬ್ಬಿ ಏನು ಕೆಲಸ ಮಾಡುತ್ತದೆ, ಅದನ್ನು ಯಾರು ಕಂಡುಹಿಡಿದರು ಎಂದು ಓದಿ ಬಂದು ಹೇಳು, ಆಮೇಲೆ ಲೆಕ್ಕ ಹಾಕೋಣ ಎಂದರು. ಹೀಗೆ ನನಗೆ ಯುಜೀನ್ ಹೂಡ್ರಿಯ ಪರಿಚಯವಾಯಿತು.

ಹೂಡ್ರಿ ಹುಟ್ಟಿದ್ದು 1892ರ ಏಪ್ರಿಲ್ 18ರಂದು, ಫ್ರಾನ್ಸಿನ ಪ್ಯಾರಿಸ್ ಹತ್ತಿರದ ದೊಮೊಂ ಎಂಬ ಊರಿನಲ್ಲಿ. ತಂದೆಗೆ ಉಕ್ಕಿನ ಕಾರ್ಖಾನೆ ಇತ್ತು. ಮಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ 1911ರಲ್ಲಿ ತರಗತಿಗೇ ಮೊದಲಿಗನಾಗಿ ಚಿನ್ನದ ಪದಕ ಪಡೆದ. ಓದಿನಲ್ಲಿ ಮಾತ್ರವಲ್ಲ, ಕಾಲೇಜಿನ ಫುಟ್‌ಬಾಲ್ ತಂಡಕ್ಕೂ ಅವನೇ ನಾಯಕ. ಆಮೇಲೆ ತಂದೆಯ ವ್ಯಾಪಾರಕ್ಕೆ ಸೇರಿಕೊಂಡ. ಅಲ್ಲಿಯೇ ಇದ್ದಿದ್ದರೆ ಅವನು ಶ್ರೀಮಂತ ಉದ್ಯಮಿಯಾಗಿ ಸುಖವಾಗಿ ಬಾಳುತ್ತಿದ್ದ, ನಾವು ಯಾರೂ ಅವನ ಹೆಸರು ಕೇಳುತ್ತಿರಲಿಲ್ಲ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಹೂಡ್ರಿ ಸೈನ್ಯದಲ್ಲಿ ಟ್ಯಾಂಕ್ ಪಡೆಯ ಅಧಿಕಾರಿಯಾದರು. 1917ರಲ್ಲಿ ಜುವಿಂಕೂರ್ ಎಂಬಲ್ಲಿ ಫ್ರಾನ್ಸಿನ ಟ್ಯಾಂಕುಗಳು ಮೊದಲ ಬಾರಿ ಯುದ್ಧಕ್ಕಿಳಿದಾಗ ಅನೇಕ ಟ್ಯಾಂಕುಗಳು ಕೆಟ್ಟು ನಿಂತವು. ಗುಂಡುಗಳು ಹಾರುತ್ತಿರುವಾಗಲೇ ಅವುಗಳ ರಿಪೇರಿಯನ್ನು ಅವರು ಮುಂದೆ ನಿಂತು ಮಾಡಿಸಿದರು. ಆ ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡರು. ಫ್ರಾನ್ಸ್ ಸರ್ಕಾರ ಅವರಿಗೆ ಕ್ರ್ವಾ ದ ಗೆರ್ ಎಂಬ ಶೌರ್ಯ ಪದಕ ಕೊಟ್ಟಿತು.

ಯುದ್ಧ ಮುಗಿದ ಮೇಲೆ ಅವರಿಗೆ ಕಾರು ರೇಸಿನ ಹುಚ್ಚು ಹತ್ತಿತು. 1922ರಲ್ಲಿ ಅಮೆರಿಕಕ್ಕೆ ಹೋಗಿ ಇಂಡಿಯಾನಾಪೊಲಿಸ್ ರೇಸನ್ನೂ ಡೆಟ್ರಾಯಿಟಿನ ಫೋರ್ಡ್ ಕಾರ್ಖಾನೆಯನ್ನೂ ನೋಡಿ ಬಂದರು. ಇಂಜಿನ್ ಎಷ್ಟು ಒಳ್ಳೆಯದಾದರೂ ಪೆಟ್ರೋಲ್ ಕೆಟ್ಟದಾದರೆ ಪ್ರಯೋಜನವಿಲ್ಲ ಎಂಬುದು ಅವರ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಫ್ರಾನ್ಸಿನಲ್ಲಿ ತೈಲ ಬಾವಿಗಳು ಇಲ್ಲದಂತೆಯೇ ಇದ್ದವು. ಆದರೆ ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲು ಇತ್ತು. ಅದರಿಂದ ಪೆಟ್ರೋಲ್ ತೆಗೆಯಲು ಹೊರಟರು. ಸರ್ಕಾರವೂ ಸಹಾಯ ಮಾಡಿತು. 1929ರಲ್ಲಿ ದಿನಕ್ಕೆ 60 ಟನ್ ಲಿಗ್ನೈಟ್ ಬಳಸುವ ಕಾರ್ಖಾನೆ ನಡೆಸಿ ತೋರಿಸಿದರು. ಪೆಟ್ರೋಲ್ ಬಂತು, ಆದರೆ ಅದರ ಖರ್ಚು ಮಾರುವ ಬೆಲೆಗಿಂತ ಹೆಚ್ಚಾಯಿತು. ಸರ್ಕಾರ ಕೈಬಿಟ್ಟಿತು. ನಮ್ಮ ಪಾಠದ ಭಾಷೆಯಲ್ಲಿ ಹೇಳುವುದಾದರೆ ಅದು ಪೂರ್ತಿ ನಷ್ಟದ ಯೋಜನೆ.

ಆದರೆ ಆ ನಷ್ಟದ ದಿನಗಳಲ್ಲಿಯೇ ಅವರಿಗೆ ಒಂದು ದೊಡ್ಡ ವಿಷಯ ಸಿಕ್ಕಿತ್ತು. ಕಚ್ಚಾತೈಲದಿಂದ ಪೆಟ್ರೋಲ್, ಸೀಮೆಎಣ್ಣೆ ತೆಗೆದ ಮೇಲೆ ದಪ್ಪನೆಯ ಭಾರದ ಎಣ್ಣೆ ಉಳಿಯುತ್ತದೆ. ಆಗ ಅದನ್ನು ಬರೀ ಶಾಖ ಮತ್ತು ಒತ್ತಡದಿಂದ ಒಡೆದು ಇನ್ನಷ್ಟು ಪೆಟ್ರೋಲ್ ಮಾಡುತ್ತಿದ್ದರು. ಹೂಡ್ರಿ ಇದಕ್ಕೆ ಕ್ರಿಯಾವರ್ಧಕವನ್ನು ಬಳಸಿದರು. ಕ್ರಿಯಾವರ್ಧಕ ಎಂದರೆ ತಾನು ಖರ್ಚಾಗದೆ ಬೇರೆ ವಸ್ತುಗಳ ರಾಸಾಯನಿಕ ಕ್ರಿಯೆಯನ್ನು ಬೇಗ ಮಾಡಿಸುವ ವಸ್ತು. ನೂರಾರು ವಸ್ತುಗಳನ್ನು ಪರೀಕ್ಷೆ ಮಾಡಿದ ಮೇಲೆ ಸಿಲಿಕಾ ಮತ್ತು ಅಲ್ಯೂಮಿನಾ ಇರುವ ಒಂದು ಬಗೆಯ ಜೇಡಿಮಣ್ಣು ಆ ಕೆಲಸಕ್ಕೆ ಬಂತು. ತಯಾರಾದ ಪೆಟ್ರೋಲನ್ನು ತಮ್ಮ ಬುಗಾಟಿ ರೇಸ್ ಕಾರಿಗೇ ಹಾಕಿ ಓಡಿಸಿ ನೋಡುತ್ತಿದ್ದರು.

ಒಂದು ತೊಂದರೆ ಇತ್ತು. ಸ್ವಲ್ಪ ಹೊತ್ತಿನಲ್ಲಿಯೇ ಆ ಜೇಡಿಮಣ್ಣಿನ ಮೇಲೆ ಇಂಗಾಲದ ಮಸಿ ಕೂತು ಅದು ಕೆಲಸ ನಿಲ್ಲಿಸುತ್ತಿತ್ತು. ಬೇರೆಯವರಾಗಿದ್ದರೆ ಎಸೆದು ಹೊಸದು ಹಾಕುತ್ತಿದ್ದರೋ ಏನೋ. ಹೂಡ್ರಿ ಅದರ ಮೇಲೆ ಬಿಸಿ ಗಾಳಿ ಹಾಯಿಸಿ ಮಸಿಯನ್ನು ಸುಟ್ಟುಬಿಟ್ಟರು. ಜೇಡಿಮಣ್ಣು ಮತ್ತೆ ಮೊದಲಿನಂತಾಯಿತು. ಒಂದು ಪಾತ್ರೆಯಲ್ಲಿ ಎಣ್ಣೆ ಒಡೆಯುತ್ತಿರುವಾಗ ಇನ್ನೊಂದರಲ್ಲಿ ಮಸಿ ಸುಡುವಂತೆ ಸರದಿ ಮಾಡಿದರು. ಸುಡುವಾಗ ಬಂದ ಶಾಖವನ್ನೂ ವ್ಯರ್ಥ ಮಾಡದೆ ಬಳಸಿದರು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ: ಮೇಲೆ ಕೂತದ್ದು ಸುಡುವಂಥದ್ದಾದರೆ ಕ್ರಿಯಾವರ್ಧಕಕ್ಕೆ ಮತ್ತೆ ಜೀವ ಬರುತ್ತದೆ.

ಫ್ರಾನ್ಸಿನಲ್ಲಿ ಬಂಡವಾಳ ಸಿಗದೆ 1930ರಲ್ಲಿ ಅವರು ಅಮೆರಿಕಕ್ಕೆ ಹೋದರು. ಅಲ್ಲಿ ಹೂಡ್ರಿ ಪ್ರೋಸೆಸ್ ಕಾರ್ಪೊರೇಷನ್ ಆರಂಭವಾಯಿತು. 1937ರಲ್ಲಿ ಪೆನ್ಸಿಲ್ವೇನಿಯಾದ ಮಾರ್ಕಸ್ ಹುಕ್ ಎಂಬಲ್ಲಿ ಸನ್ ಆಯಿಲ್ ಕಂಪನಿ ಅವರ ವಿಧಾನದ ದೊಡ್ಡ ಕಾರ್ಖಾನೆ ತೆರೆಯಿತು. ಹಳೆಯ ವಿಧಾನದಲ್ಲಿ ಎಣ್ಣೆಯ ಕಾಲು ಭಾಗ ಪೆಟ್ರೋಲ್ ಆದರೆ ಇಲ್ಲಿ ಸುಮಾರು ಅರ್ಧ ಭಾಗ ಆಗುತ್ತಿತ್ತು, ಅದೂ ಮೇಲ್ದರ್ಜೆಯದು. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳಿಗೆ ಬೇಕಾದ 100 ಆಕ್ಟೇನ್ ಪೆಟ್ರೋಲ್ ತಯಾರಿಸಲು ಈ ವಿಧಾನ ತುಂಬಾ ಸಹಾಯ ಮಾಡಿತು.

1940ರಲ್ಲಿ ಫ್ರಾನ್ಸ್ ಹಿಟ್ಲರನಿಗೆ ಶರಣಾಯಿತು. ಹೂಡ್ರಿ ಶರಣಾದ ವಿಶಿ ಸರ್ಕಾರವನ್ನು ಒಪ್ಪಲಿಲ್ಲ. ಅಮೆರಿಕದಲ್ಲಿ ಫ್ರಾನ್ಸ್ ಫಾರೆವರ್ ಎಂಬ ಸಂಘದ ಅಧ್ಯಕ್ಷರಾಗಿ ಜನರಲ್ ಡಿ ಗಾಲ್ ಅವರ ಪರವಾಗಿ ನಿಂತರು. ವಿಶಿ ಸರ್ಕಾರ ಅವರ ಪೌರತ್ವವನ್ನೇ ಕಿತ್ತುಕೊಂಡಿತು. ಯಾವ ದೇಶಕ್ಕಾಗಿ ಹೋರಾಡಿ ಗಾಯಗೊಂಡಿದ್ದರೋ ಆ ದೇಶವೇ ಅವರನ್ನು ತನ್ನವನಲ್ಲ ಎಂದಿತು. 1942ರಲ್ಲಿ ಅವರು ಅಮೆರಿಕದ ಪ್ರಜೆಯಾದರು.

ಯುದ್ಧ ಮುಗಿಯುವ ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು. ಹೆಸರು, ಹಣ ಎರಡೂ ಬಂದಿದ್ದವು. ಅಷ್ಟರಲ್ಲಿ ಲಾಸ್ ಏಂಜಲಿಸ್ ನಗರದ ಮೇಲೆ ಕವಿಯುತ್ತಿದ್ದ ಹೊಗೆಮಂಜಿನ ಬಗ್ಗೆ ವಿಜ್ಞಾನಿಗಳ ಅಧ್ಯಯನಗಳು ಹೊರಬಂದವು. ಕಾರುಗಳ ಹೊಗೆಯೂ ಅದಕ್ಕೆ ಕಾರಣ ಎಂದು ಗೊತ್ತಾಯಿತು. ಜಗತ್ತಿಗೆ ಹೆಚ್ಚು ಪೆಟ್ರೋಲ್ ಕೊಟ್ಟ ಮನುಷ್ಯ ಆ ಪೆಟ್ರೋಲಿನ ಹೊಗೆಯ ಬಗ್ಗೆ ಚಿಂತೆಗೆ ಬಿದ್ದರು. 1950ರ ಸುಮಾರಿಗೆ ಆಕ್ಸಿ ಕ್ಯಾಟಲಿಸ್ಟ್ ಎಂಬ ಕಂಪನಿಯನ್ನು ಇದಕ್ಕೆಂದೇ ಆರಂಭಿಸಿದರು. ಹೂಡ್ರಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯಾದದ್ದು ಇದೇ. ತಾನು ಮಾರಿದ ಸಾಮಾನಿನಿಂದ ಬೇರೆಯವರಿಗೆ ಆಗುವ ತೊಂದರೆಯನ್ನು ಅವರು ತಮ್ಮ ಲೆಕ್ಕಕ್ಕೆ ಬರೆದುಕೊಂಡರು.

ಅವರ ಉಪಾಯ ಹೀಗಿತ್ತು. ಇಂಜಿನ್ನಿನಿಂದ ಬರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವೂ ಪೂರ್ತಿ ಸುಡದ ಪೆಟ್ರೋಲಿನ ಅಂಶವೂ ಇರುತ್ತವೆ. ದಾರಿಯಲ್ಲಿ ಪ್ಲಾಟಿನಂನಂಥ ಕ್ರಿಯಾವರ್ಧಕ ಇಟ್ಟರೆ ಅವು ಅಲ್ಲಿಯೇ ಆಮ್ಲಜನಕದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿಯಾಗುತ್ತವೆ. 1956ರಲ್ಲಿ ಇದಕ್ಕೆ ಅವರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಸೀಸವಿಲ್ಲದ ಪೆಟ್ರೋಲ್ ಬಳಸುವ ಗೋದಾಮಿನ ಫೋರ್ಕ್‌ಲಿಫ್ಟ್ ಗಾಡಿಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡಿತು.

ರಸ್ತೆಯ ಕಾರುಗಳಲ್ಲಿ ಮಾತ್ರ ಸೋತಿತು. 1920ರ ದಶಕದಿಂದಲೂ ಇಂಜಿನ್ ಬಡಿಯದಿರಲೆಂದು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಅದು ಅಗ್ಗದ ಉಪಾಯ. ಆ ಸೀಸ ಹೊಗೆಯ ಜೊತೆ ಬಂದು ಕ್ರಿಯಾವರ್ಧಕದ ಮೇಲೆ ಪದರವಾಗಿ ಕೂರುತ್ತಿತ್ತು. ಮಸಿಯನ್ನು ಸುಡಬಹುದು ಎಂದು ಹೂಡ್ರಿಗೆ ಗೊತ್ತಿತ್ತು. ಸೀಸ ಸುಟ್ಟು ಹೋಗುವುದಿಲ್ಲ. ಯಂತ್ರ ಸರಿಯಾಗಿತ್ತು, ಅದಕ್ಕೆ ಉಣಿಸುತ್ತಿದ್ದದ್ದು ವಿಷವಾಗಿತ್ತು. ಪೆಟ್ರೋಲ್ ಬದಲಾಯಿಸುವುದು ಒಬ್ಬ ಮನುಷ್ಯನ ಕೈಯಲ್ಲಿ ಇರಲಿಲ್ಲ.

1962ರ ಜುಲೈ 18ರಂದು, 70ನೇ ವಯಸ್ಸಿನಲ್ಲಿ ಹೂಡ್ರಿ ಪೆನ್ಸಿಲ್ವೇನಿಯಾದಲ್ಲಿ ತೀರಿಕೊಂಡರು. ಅಮೆರಿಕ 1970ರಲ್ಲಿ ಗಾಳಿಯ ಶುದ್ಧತೆಗೆ ಕಟ್ಟುನಿಟ್ಟಾದ ಕಾನೂನು ಮಾಡಿತು. ಸೀಸವಿಲ್ಲದ ಪೆಟ್ರೋಲ್ ಬಂತು, 1975ರ ಮಾದರಿಯ ಕಾರುಗಳಲ್ಲಿ ಕನ್ವರ್ಟರ್ ಕೂತಿತು. ಅಷ್ಟರಲ್ಲಿ ಅದಕ್ಕಾಗಿ ದುಡಿದ ಹೂಡ್ರಿ ಸತ್ತು 13 ವರ್ಷ ಕಳೆದಿತ್ತು. ನಮ್ಮ ದೇಶದಲ್ಲಿ 1995ರ ಏಪ್ರಿಲ್‌ನಿಂದ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. 2000ದ ಫೆಬ್ರವರಿಯಿಂದ ಇಡೀ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು.

ಇಷ್ಟನ್ನೂ ಒಂದು ರಾತ್ರಿ ಊಟವಾದ ಮೇಲೆ ಅಬ್ಬಾ ಅವರಿಗೆ ಉರ್ದುವಿನಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. ನಮ್ಮ ಕಾರಿಗೆ ಸೀಸವಿಲ್ಲದ ಪೆಟ್ರೋಲನ್ನೇ ಹಾಕುತ್ತೇವಲ್ಲ, ಮತ್ತೆ ನಮ್ಮದು ಯಾಕೆ ಸತ್ತಿತು? ನನಗೆ ಉತ್ತರ ಗೊತ್ತಿರಲಿಲ್ಲ. ಮಾಮು ಬಾನೆಟ್ ಎತ್ತಿ ತೋರಿಸಿದರು. ಒಂದು ಇಗ್ನಿಷನ್ ಕಾಯಿಲ್ ಕೆಟ್ಟು ಒಂದು ಸಿಲಿಂಡರಿನಲ್ಲಿ ಸರಿಯಾಗಿ ಕಿಡಿ ಹೊತ್ತುತ್ತಿರಲಿಲ್ಲ. ಸುಡದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಸುಡುತ್ತಿತ್ತು. ಆ ಶಾಖಕ್ಕೆ ಒಳಗಿನದು ಕರಗಿತ್ತು. ಇಂಜಿನ್ ದೀಪ ಇದನ್ನೇ ತಿಂಗಳುಗಟ್ಟಲೆ ಹೇಳುತ್ತಿತ್ತು, ನಾವು ನೋಡಿಯೂ ಸುಮ್ಮನಿದ್ದೆವು. ಕಾಯಿಲ್ ಬದಲಾಯಿಸದೆ ಹೊಸ ಕನ್ವರ್ಟರ್ ಹಾಕಿದ್ದರೆ ಅದೂ ಸಾಯುತ್ತಿತ್ತು.

ಅಬ್ಬಾ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಹೊಸದನ್ನೇ ತರೋಣ ಎಂದರು. ಪಾಸಾದರೆ ಕೊಡಿಸುತ್ತೇನೆ ಎಂದಿದ್ದ ನನ್ನ ಫೋನಿನ ಹಣವೂ ಅದಕ್ಕೆ ಹೋಯಿತು. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕೂಲಿ ಉಳಿಸಲು ಭಾನುವಾರ ಮನೆಯ ಮುಂದೆಯೇ ಕೆಲಸ ಮಾಡಿದೆವು. ಮೊದಲು ಪ್ಲಗ್ಗುಗಳನ್ನೂ ಕಾಯಿಲನ್ನೂ ಬದಲಾಯಿಸಿದೆವು. ಕಾರನ್ನು ರಾತ್ರಿಯೇ ನಿಲ್ಲಿಸಿ ಪೈಪು ಪೂರ್ತಿ ತಣ್ಣಗಾಗಲು ಬಿಟ್ಟು, ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಸಿಂಪಡಿಸಿದ್ದೆವು. ಬೆಳಿಗ್ಗೆ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿನಿಂದ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟೆವು. ಬರೀ ಜಾಕನ್ನು ನಂಬಿ ಕಾರಿನ ಕೆಳಗೆ ತಲೆ ಹಾಕಬಾರದು ಎಂದು ಮಾಮು ಮೂರು ಸಲ ಹೇಳಿದರು. ಬ್ಯಾಟರಿಯ ತಂತಿ ಬಿಚ್ಚಿ, ಆಕ್ಸಿಜನ್ ಸೆನ್ಸರ್ ತೆಗೆದು, ಎರಡೂ ಕಡೆಯ ಬೋಲ್ಟು ಸಡಿಲಿಸಿದರು. ನಾನು ಟಾರ್ಚ್ ಹಿಡಿದು ಪಾನಾ ಕೊಡುತ್ತಿದ್ದೆ. ಹಳೆಯದನ್ನು ಕೆಳಗಿಳಿಸಿ ಅಲುಗಿಸಿದರೆ ಒಳಗೆ ಪಿಂಗಾಣಿಯ ಚೂರುಗಳ ಸದ್ದು. ಜೇನುಗೂಡಿನ ಹಾಗೆ ಇರಬೇಕಾದ್ದು ಮುದ್ದೆಯಾಗಿತ್ತು. ಹೊಸ ಗ್ಯಾಸ್ಕೆಟ್ ಇಟ್ಟು ಹೊಸದನ್ನು ಕೂರಿಸಿ, ಕಾರು ಚಾಲೂ ಮಾಡಿ, ಜೋಡಣೆಯಲ್ಲಿ ಎಲ್ಲಾದರೂ ಗಾಳಿ ಸೋರುವ ಸದ್ದು ಇದೆಯೇ ಎಂದು ಕೇಳಿದೆವು. ಇರಲಿಲ್ಲ.

ಮರುದಿನ ತಪಾಸಣೆಯಲ್ಲಿ ಕಾರು ಪಾಸಾಯಿತು. ಅಬ್ಬಾ ಸರ್ಟಿಫಿಕೇಟನ್ನು ನನ್ನ ಕೈಗೆ ಕೊಟ್ಟು, ಇದನ್ನು ನಿನ್ನ ಮಾರ್ಕ್ಸ್ ಕಾರ್ಡಿನ ಜೊತೆ ಇಡು ಎಂದು ಈ ಸಲ ಅವರೇ ನಕ್ಕರು.

ಗೆಳೆಯರೇ, ನಾನು ಮೊದಲು ಹಾಕಿದ ಲೆಕ್ಕದಲ್ಲಿ ಕೂಡಿಸು ಕಳೆಯುವುದರಲ್ಲಿ ತಪ್ಪು ಇರಲಿಲ್ಲ. ಆದರೆ ಕಟ್ಟೆಯ ಮೇಲೆ ಕೂರುವ ದಾದಿಯೂ, ಓಣಿಯಲ್ಲಿ ಆಡುವ ಮಕ್ಕಳೂ ಆ ಲೆಕ್ಕದಲ್ಲಿ ಇರಲಿಲ್ಲ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಾಗಾಗಿ ಅದರ ಖರ್ಚು ಯಾರ ಪುಸ್ತಕದಲ್ಲಿಯೂ ಕಾಣುವುದಿಲ್ಲ. ಹೂಡ್ರಿ ತಮ್ಮ ಕೊನೆಯ ವರ್ಷಗಳನ್ನು ಆ ಕಾಣದ ಖರ್ಚಿಗಾಗಿ ಕೊಟ್ಟರು, ಫಲ ನೋಡದೆಯೇ ಹೋದರು. ಈಗ ಬೆಳಿಗ್ಗೆ ಅಬ್ಬಾ ಕಾರು ಚಾಲೂ ಮಾಡುವಾಗ ದಾದಿ ಕಟ್ಟೆಯಿಂದ ಏಳುವುದಿಲ್ಲ. ಆ ಫ್ರೆಂಚ್ ಮನುಷ್ಯನ ಹೆಸರನ್ನು ದಾದಿಗೆ ಎರಡು ಸಲ ಹೇಳಿಕೊಟ್ಟೆ, ಬಾಯಿಗೆ ಬರಲಿಲ್ಲ. ಆದರೂ ಅವನಿಗೆ ಒಳ್ಳೆಯದಾಗಲಿ ಎಂದರು.