ಗ್ಯಾರಂಡ್ ಅವರ ರಾಯಲ್ಟಿ ಲೆಕ್ಕ

ಜಾನ್ ಗ್ಯಾರಂಡ್ 1888ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಹುಟ್ಟಿದರು. ಅವರು ಚಿಕ್ಕವರಿದ್ದಾಗಲೇ ಕುಟುಂಬ ಅಮೆರಿಕಕ್ಕೆ ಹೋಯಿತು. ಅಲ್ಲಿ ಬಟ್ಟೆ ಗಿರಣಿಯಲ್ಲಿ ನೆಲ ಗುಡಿಸುತ್ತ ಯಂತ್ರಗಳ ಕೆಲಸ ಕಲಿತರು. 1919ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಸರ್ಕಾರಿ ಬಂದೂಕು ಕಾರ್ಖಾನೆಗೆ ಸೇರಿದರು.

ಆಗ ಸೈನಿಕರು ಪ್ರತಿ ಗುಂಡಿಗೂ ಬಂದೂಕಿನ ಬೋಲ್ಟನ್ನು ಕೈಯಿಂದ ಎಳೆದು ತಳ್ಳಬೇಕಿತ್ತು. ಗ್ಯಾರಂಡ್ ರೂಪಿಸಿದ ಎಂ-1 ರೈಫಲ್‌ನಲ್ಲಿ ಗುಂಡು ಹಾರಿದಾಗ ಹುಟ್ಟುವ ಅನಿಲದ ಒತ್ತಡವೇ ಆ ಕೆಲಸ ಮಾಡುತ್ತಿತ್ತು. ಒಮ್ಮೆ ತುಂಬಿದರೆ 8 ಗುಂಡು. ಟ್ರಿಗರ್ ಒತ್ತಿದರೆ ಸಾಕು. 1936ರಲ್ಲಿ ಅಮೆರಿಕದ ಸೇನೆ ಅದನ್ನು ಒಪ್ಪಿಕೊಂಡಿತು. ಎರಡನೇ ಮಹಾಯುದ್ಧದಲ್ಲೂ ಕೊರಿಯಾ ಯುದ್ಧದಲ್ಲೂ ಅದೇ ಅವರ ಮುಖ್ಯ ರೈಫಲ್. 1957ರಲ್ಲಿ ಅದರ ಜಾಗಕ್ಕೆ ಎಂ-14 ಆಯ್ಕೆಯಾಯಿತು.

ಒಟ್ಟು 50 ಲಕ್ಷಕ್ಕೂ ಹೆಚ್ಚು ಎಂ-1 ತಯಾರಾದವು. ನಾವು ಕಾಮರ್ಸ್‌ನವರು ಕೂಡಲೇ ಲೆಕ್ಕ ಹಾಕುತ್ತೇವೆ: ಒಂದಕ್ಕೆ ಒಂದು ಡಾಲರ್ ರಾಯಲ್ಟಿ ಎಂದರೂ 50 ಲಕ್ಷ ಡಾಲರ್! ಗ್ಯಾರಂಡ್ ಅವರಿಗೆ ಸಿಕ್ಕಿದ್ದು ಸೊನ್ನೆ. ಹಕ್ಕನ್ನು ಅವರು ಸರ್ಕಾರಕ್ಕೇ ಬಿಟ್ಟುಕೊಟ್ಟಿದ್ದರು. ಅವರಿಗೆ 1 ಲಕ್ಷ ಡಾಲರ್ ಕೊಡುವ ಮಸೂದೆ ಸಂಸತ್ತಿಗೆ ಬಂತು, ಪಾಸಾಗಲಿಲ್ಲ. 1953ರಲ್ಲಿ ನಿವೃತ್ತರಾದ ಅವರು 1974ರಲ್ಲಿ ತೀರಿಕೊಂಡರು.

ಜೀವ ತೆಗೆಯುವ ಬಂದೂಕನ್ನು ಮೆಚ್ಚುವುದು ನನಗೆ ಕಷ್ಟ. ಬರೀ ಸಂಬಳಕ್ಕೆ 34 ವರ್ಷ ದುಡಿದ ಆ ಮನುಷ್ಯನನ್ನು ಮೆಚ್ಚದಿರುವುದೂ ಕಷ್ಟ.