ಎಟಿಪಿ ಕಂಡುಹಿಡಿದ ಯಲ್ಲಾಪ್ರಗಡ ಸುಬ್ಬರಾವ್

ಜೀವಶಾಸ್ತ್ರದ ತರಗತಿಯಲ್ಲಿ ಎಟಿಪಿ ಎಂಬ ಮೂರಕ್ಷರವನ್ನು ನಾವೆಲ್ಲ ಕಲಿಯುತ್ತೇವೆ. ಅದನ್ನು ಮೊದಲು ಗುರುತಿಸಿದವರಲ್ಲಿ, ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದ ಭಾರತೀಯರೊಬ್ಬರಿದ್ದರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಯಲ್ಲಾಪ್ರಗಡ ಸುಬ್ಬರಾವ್ 1895ರ ಜನವರಿ 12ರಂದು ಮದ್ರಾಸ್ ಪ್ರಾಂತ್ಯದ ಭೀಮವರಂನಲ್ಲಿ ಜನಿಸಿದರು. ತಂದೆ ಬೇಗನೆ ತೀರಿಕೊಂಡರು. ತಾಯಿ ಕಷ್ಟಪಟ್ಟು ಓದಿಸಿದರು. ಮೂರನೇ ಪ್ರಯತ್ನದಲ್ಲಿ ಮೆಟ್ರಿಕ್ ಪಾಸಾದ ಅವರು ಮುಂದೆ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ಉಡುಪು ತೊಟ್ಟು ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಬಂದದ್ದು ಆಂಗ್ಲ ಪ್ರಾಧ್ಯಾಪಕರಿಗೆ ಸಹಿಸಲಾಗಲಿಲ್ಲ. ಎಂಬಿಬಿಎಸ್ ಬದಲು ಎಲ್‌ಎಂಎಸ್ ಎಂಬ ಕೆಳದರ್ಜೆಯ ಪದವಿಯಷ್ಟೇ ಸಿಕ್ಕಿತು.

1920ರ ದಶಕದ ಆರಂಭದಲ್ಲಿ ಅವರು ಅಮೆರಿಕದ ಬಾಸ್ಟನ್‌ಗೆ ಹೋದರು. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಸಣ್ಣ ಕೆಲಸ ಮಾಡುತ್ತಲೇ ಹಾರ್ವರ್ಡ್‌ನಲ್ಲಿ ಸಂಶೋಧನೆಗಿಳಿದರು. 1925ರಲ್ಲಿ ಸೈರಸ್ ಫಿಸ್ಕ್ ಜೊತೆ, ರಂಜಕವನ್ನು ಅಳೆಯುವ ವಿಧಾನವೊಂದನ್ನು ಪ್ರಕಟಿಸಿದರು. ಅದು ಇಂದಿಗೂ ಅವರಿಬ್ಬರ ಹೆಸರಿನಲ್ಲೇ ಇದೆ. ಅದೇ ವಿಧಾನದಿಂದ ಸ್ನಾಯುವನ್ನು ಪರೀಕ್ಷಿಸಿದಾಗ 1927ರಲ್ಲಿ ಫಾಸ್ಫೊಕ್ರಿಯಾಟಿನ್, 1929ರಲ್ಲಿ ಎಟಿಪಿ ಸಿಕ್ಕವು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಸ್ವತಂತ್ರವಾಗಿ ಎಟಿಪಿಯನ್ನು ಕಂಡುಕೊಂಡಿದ್ದರು.

ಅಲ್ಲಿಯವರೆಗೆ ಸ್ನಾಯುವಿಗೆ ಶಕ್ತಿ ಬರುವುದು ಲ್ಯಾಕ್ಟಿಕ್ ಆಮ್ಲ ಉತ್ಪತ್ತಿಯಾಗುವುದರಿಂದಲೇ ಎಂದು ನಂಬಲಾಗಿತ್ತು. ನಿಜವಾಗಿ ನಡೆಯುವುದು ಹೀಗೆ: ಓಟದ ಪಂದ್ಯದ ಮೊದಲ ಕೆಲವು ಸೆಕೆಂಡು ಸ್ನಾಯು ಆಮ್ಲಜನಕಕ್ಕಾಗಿ ಕಾಯುವುದಿಲ್ಲ. ಫಾಸ್ಫೊಕ್ರಿಯಾಟಿನ್ ತನ್ನ ಫಾಸ್ಫೇಟನ್ನು ಕೊಟ್ಟು, ಖರ್ಚಾದ ಎಟಿಪಿಯನ್ನು ಮತ್ತೆ ತುಂಬಿಸುತ್ತದೆ. ಅದು ಮುಗಿಯುತ್ತಾ ಬಂದಂತೆ ಗ್ಲೂಕೋಸ್ ಆಮ್ಲಜನಕವಿಲ್ಲದೆ ಒಡೆದು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಇದರಲ್ಲಿ ಒಂದು ಅಣುವಿಗೆ ನಿವ್ವಳ 2 ಎಟಿಪಿ ಮಾತ್ರ ಸಿಗುತ್ತದೆ. ಸಾಕಷ್ಟು ಆಮ್ಲಜನಕವಿದ್ದರೆ ಅದೇ ಗ್ಲೂಕೋಸ್ ಮೈಟೊಕಾಂಡ್ರಿಯಾದ ನೆರವಿನಿಂದ ಪೂರ್ತಿ ಉತ್ಕರ್ಷಣೆಗೊಂಡು ಹಳೆಯ ಲೆಕ್ಕದಂತೆ 38, ಈಗಿನ ಲೆಕ್ಕದಂತೆ ಸುಮಾರು 30 ಎಟಿಪಿ ಕೊಡುತ್ತದೆ. ದಾರಿ ಯಾವುದಾದರೂ ಜೀವಕೋಶದಲ್ಲಿ ಚಲಾವಣೆಯಾಗುವ ನಾಣ್ಯ ಎಟಿಪಿಯೇ.

ಇಷ್ಟೆಲ್ಲ ಮಾಡಿದರೂ ಹಾರ್ವರ್ಡ್‌ನಲ್ಲಿ ಅವರಿಗೆ ಕಾಯಂ ಹುದ್ದೆ ದೊರೆಯಲಿಲ್ಲ. 1940ರಲ್ಲಿ ಲೆಡರ್ಲೆ ಔಷಧ ಕಂಪನಿ ಸೇರಿದರು. ಹಿಂದೆ ಅವರ ಸೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡಿದ್ದರು. ಆ ಕಾಯಿಲೆಗೆ ಮದ್ದಾಗುವ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದು ಅವರದೇ ತಂಡ. ಕ್ಯಾನ್ಸರ್ ಚಿಕಿತ್ಸೆಯ ಮೆಥೊಟ್ರೆಕ್ಸೇಟ್ ಕೂಡ ಅಲ್ಲಿಯದೇ. ಆನೆಕಾಲು ರೋಗ ತಡೆಯಲು ನಮ್ಮ ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಮನೆಮನೆಗೆ ಬಂದು ನುಂಗಿಸುವ ಡಿಇಸಿ ಮಾತ್ರೆಯ ಮೂಲವೂ ಅದೇ ಪ್ರಯೋಗಾಲಯ.

ಸುಬ್ಬರಾವ್ ಮತ್ತೆ ತಾಯ್ನಾಡಿಗೆ ಬರಲೇ ಇಲ್ಲ. 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ ನ್ಯೂಯಾರ್ಕ್‌ನಲ್ಲಿ ನಿಧನರಾದರು. ನೊಬೆಲ್ ಪ್ರಶಸ್ತಿ ಬರಲಿಲ್ಲ. ಭಾರತ ಅವರ ನೆನಪಿಗೆ ಅಂಚೆಚೀಟಿ ಹೊರತಂದದ್ದು 1995ರಲ್ಲಿ.

ಫಲಿತಾಂಶದ ಹಾಳೆಯಲ್ಲಿ ತಮ್ಮ ನಂಬರ್ ಕಾಣದೆ ಕುಗ್ಗಿರುವ ಗೆಳೆಯರು ನಮ್ಮ ನಡುವೆಯೂ ಇದ್ದಾರೆ. ಅವರಿಗೆ ಈ ಮೂರನೇ ಪ್ರಯತ್ನದ ಕತೆಯನ್ನು ತಪ್ಪದೇ ಹೇಳೋಣ.