ಚಿನ್ನದ ರೇಕು ಕಲಿಸಿದ ಪಾಠ

ನ್ಯೂಜಿಲೆಂಡ್ ದೇಶದ ನೆಲ್ಸನ್ ಪಟ್ಟಣದ ಸಮೀಪದಲ್ಲಿ ಗಾಡಿಯ ಚಕ್ರಗಳನ್ನು ಮಾಡಿ ಜೀವಿಸುತ್ತಿದ್ದ ಒಬ್ಬ ಬಡಗಿಯಿದ್ದನು. ಅವನ ಪತ್ನಿ ಉಪಾಧ್ಯಾಯಿನಿಯಾಗಿದ್ದವಳು. ಈ ದಂಪತಿಗಳ ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರಾಗಿ 1871ರ ಆಗಸ್ಟ್ 30ರಂದು ಜನಿಸಿದವರೇ ಅರ್ನೆಸ್ಟ್ ರುದರ್‌ಫೋರ್ಡ್. ಇಂಗ್ಲೆಂಡಿನ ವ್ಯಾಸಂಗಕ್ಕಾಗಿ ಇದ್ದ ವಿದ್ಯಾರ್ಥಿವೇತನವು ಮೊದಲು ಬೇರೊಬ್ಬನಿಗೆ ದೊರೆತಿತ್ತು. ಆತನು ಅದನ್ನು ಒಲ್ಲೆನೆಂದುದರಿಂದ ಅದು ರುದರ್‌ಫೋರ್ಡರ ಪಾಲಿಗೆ ಬಂದಿತು. 1895ರಲ್ಲಿ ಅವರು ಕೇಂಬ್ರಿಜ್ ಸೇರಿ ಜೆ. ಜೆ. ಥಾಮ್ಸನ್ನರ ಶಿಷ್ಯರಾದರು.

ಮುಂದೆ ಕೆನಡಾದ ಮಾಂಟ್ರಿಯಲ್‌ನಲ್ಲಿ ಅವರು ವಿಕಿರಣಶೀಲ ಧಾತುಗಳನ್ನು ಅಭ್ಯಸಿಸಿದರು. ಒಂದು ಧಾತು ತಾನಾಗಿಯೇ ಇನ್ನೊಂದು ಧಾತುವಾಗಿ ಮಾರ್ಪಡುವುದನ್ನು ತೋರಿಸಿದರು. 1908ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಸಂದಿತು. ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ.

ಪರಮಾಣುವಿನ ತುಂಬ ಧನವಿದ್ಯುತ್ತು ಸಮನಾಗಿ ಹರಡಿದೆಯೆಂಬುದು ಥಾಮ್ಸನ್ನರ ಸಿದ್ಧಾಂತವಾಗಿತ್ತು. ಅದು ನಿಜವಾದರೆ, ವೇಗವಾಗಿ ಧಾವಿಸುವ ಆಲ್ಫಾ ಕಣಗಳು ಚಿನ್ನದ ತೆಳುವಾದ ರೇಕನ್ನು ಸುಲಭವಾಗಿ ದಾಟಿಹೋಗಬೇಕು. ಒಂದಾದರೂ ಹಿಂದಕ್ಕೆ ಪುಟಿಯುವುದೋ ನೋಡೆಂದು 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡರು ಇಪ್ಪತ್ತರ ಹರೆಯದ ವಿದ್ಯಾರ್ಥಿ ಮಾರ್ಸ್‌ಡೆನ್ನನಿಗೆ ಹೇಳಿದರು. ಮಾರ್ಸ್‌ಡೆನ್ ಮತ್ತು ಗೈಗರ್ ಕತ್ತಲೆಯ ಕೋಣೆಯಲ್ಲಿ ಕುಳಿತು, ಪರದೆಯ ಮೇಲೆ ಮಿನುಗುವ ಕಿಡಿಗಳನ್ನು ತಾಳ್ಮೆಯಿಂದ ಎಣಿಸಿದರು. ಸಾವಿರಾರು ಕಣಗಳಲ್ಲಿ ಎಲ್ಲೋ ಒಂದು ನಿಜವಾಗಿಯೂ ಹಿಂದಕ್ಕೆ ಪುಟಿದಿತ್ತು!

ಅಷ್ಟು ವಿರಳವಾದುದನ್ನು ಎಣಿಕೆಯ ತಪ್ಪೆಂದು ತಳ್ಳಿಹಾಕಬಹುದಾಗಿತ್ತು. ಒಪ್ಪಿಕೊಂಡರೆ ಗುರುವಿನ ಸಿದ್ಧಾಂತವನ್ನೇ ಬಿಡಬೇಕಾಗಿತ್ತು. ರುದರ್‌ಫೋರ್ಡರು ಬಹುಕಾಲ ಚಿಂತಿಸಿ, ಸತ್ಯದ ಪಕ್ಷವನ್ನೇ ಹಿಡಿದರು. ಪರಮಾಣುವಿನ ಬಹುಭಾಗ ಬರಿದಾಗಿದ್ದು, ಅದರ ತೂಕವೆಲ್ಲ ನಡುವಣ ಅತಿಸೂಕ್ಷ್ಮವಾದ ನ್ಯೂಕ್ಲಿಯಸ್ಸಿನಲ್ಲಿ ಅಡಗಿದೆಯೆಂದು 1911ರಲ್ಲಿ ಸಾರಿದರು. 1919ರಲ್ಲಿ ಥಾಮ್ಸನ್ನರ ಪೀಠಕ್ಕೇ ಅವರು ಉತ್ತರಾಧಿಕಾರಿಯಾದರು.

ಆಲ್ಫಾ ಕಣವೆಂದರೆ ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಹೀಲಿಯಂ ಪರಮಾಣು, ಅಂದರೆ ಒಂದು ಅಯಾನು. ಇಂದು ವಿಜ್ಞಾನಿಗಳು ಯಂತ್ರಗಳಿಂದ ಭಾರವಾದ ಅಯಾನುಗಳ ಕಿರಣವನ್ನು ಹೊರಡಿಸಿ, ಒಂದರ ಮೇಲೊಂದಿರುವ ಎರಡು ಲೋಹಗಳ ತೆಳುಪದರಗಳ ಮೇಲೆ ಹಾಯಿಸುತ್ತಾರೆ. ಆ ಹೊಡೆತಕ್ಕೆ ಒಂದು ಪದರದ ಪರಮಾಣುಗಳು ಇನ್ನೊಂದರೊಳಕ್ಕೆ ನುಗ್ಗಿ ಬೆರೆಯುತ್ತವೆ. ಕುಲುಮೆಯಲ್ಲಿ ಕರಗಿಸಿದರೂ ಕೂಡಿಬಾರದ ಕೆಲವು ಲೋಹಗಳು ಹೀಗೆ ಮಿಶ್ರಲೋಹಗಳಾಗುತ್ತವೆ. ಅವು ಎಷ್ಟು ಆಳಕ್ಕೆ ಬೆರೆತಿವೆಯೆಂದು ತಿಳಿಯಲು, ಹೀಲಿಯಂ ಅಯಾನುಗಳನ್ನು ಹಾಯಿಸಿ, ಹಿಂದಕ್ಕೆ ಪುಟಿದವುಗಳ ಶಕ್ತಿಯನ್ನು ಅಳೆಯುವ ಕ್ರಮವುಂಟು. ಆ ಕ್ರಮಕ್ಕೆ ರುದರ್‌ಫೋರ್ಡರ ಹೆಸರೇ ಇದೆ.

ನಮ್ಮ ಸಿ. ವಿ. ರಾಮನ್ನರ ಹೆಸರನ್ನು 1930ರ ನೊಬೆಲ್ ಬಹುಮಾನಕ್ಕೆ ಸೂಚಿಸಿದವರಲ್ಲಿ ರುದರ್‌ಫೋರ್ಡರೂ ಒಬ್ಬರು. 1938ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿಗೆ ಅವರೇ ಅಧ್ಯಕ್ಷರಾಗಿ ಬರಬೇಕಾಗಿತ್ತು. ಆದರೆ 1937ರ ಅಕ್ಟೋಬರ್ 19ರಂದು ಅವರು ನಿಧನರಾದರು. ಭಾಷಣವು ಸಿದ್ಧವಾಗಿತ್ತು, ಓದಬೇಕಾದವರು ಇರಲಿಲ್ಲ. ಸಾವಿರಾರರಲ್ಲಿ ಒಂದೆಂದು ಯಾವುದನ್ನೂ ಕಡೆಗಣಿಸದ ಅವರ ಬಾಳೇ ನಮಗೆ ಹೇಳಿದ ಭಾಷಣವಾಗಿ ಉಳಿದಿದೆ.